ತೋಪಿಲ್ಲದ ಹಡಗು

ಫಿಲಡೆಲ್ಫಿಯಾ,
ಎಂಟನೆಯ ತಿಂಗಳ ಹದಿನೇಳನೆಯ ದಿನ, 1758

ಪ್ರೀತಿಯ ಟಬಿತಾ,

ನಿನ್ನ ಕಾಗದ ಕೈಸೇರಿ ಎರಡು ತಿಂಗಳಾಯಿತು. ಉತ್ತರ ಬರೆಯಲಿಲ್ಲ. ಜ್ವರ ಬಂದಿತ್ತು ಎಂದೋ, ಬಾರ್ಬಡೋಸಿನ ಕಡೆಗೆ ಹಡಗು ಸಿಗಲಿಲ್ಲ ಎಂದೋ ಬರೆದರೆ ನೀನು ನಂಬುತ್ತೀಯೆ. ನಲವತ್ತು ವರ್ಷದ ಗೆಳೆತನದಲ್ಲಿ ಒಮ್ಮೆಯೂ ನನ್ನ ಮಾತನ್ನು ಅನುಮಾನಿಸಿದವಳಲ್ಲ ನೀನು. ಆದರೆ ಜ್ವರ ಬಂದಿರಲಿಲ್ಲ, ಹಡಗುಗಳೂ ಇದ್ದವು. ಮೂರು ಸಲ ಬರೆದೆ, ಮೂರು ಸಲ ಒಲೆಗೆ ಹಾಕಿದೆ. ಇದು ನಾಲ್ಕನೆಯದು. ತಡವಾದದ್ದಕ್ಕೆ ಕ್ಷಮಿಸು. ನಿನಗೆ ಬರೆದ ಎಲ್ಲ ಕಾಗದಗಳೂ ಈ ಮಾತಿನಿಂದಲೇ ಶುರುವಾಗುತ್ತಿದ್ದವು, ಕೈ ತಾನಾಗಿ ಬರೆದುಬಿಡುತ್ತಿತ್ತು. ಇವತ್ತು ಅದನ್ನು ಬರೆಯುವ ಮೊದಲು ಲೇಖನಿಯನ್ನು ಎರಡು ಸಲ ಕೆಳಗಿಟ್ಟೆ.

ಮನೆಯ ಸುದ್ದಿ ಹೇಳುತ್ತೇನೆ. ನನ್ನ ಯಜಮಾನ ಜೆತ್ರೊನಿಗೆ ಮಂಡಿನೋವು, ಗೊಣಗಾಟ ಎರಡೂ ಹಾಗೇ ಇವೆ. ಯುದ್ಧ ಶುರುವಾದಾಗಿನಿಂದ ನಮ್ಮ ಹಿಟ್ಟಿನ ಪೀಪಾಯಿಗಳು ಗೋದಾಮಿನಲ್ಲೇ ಕೂತಿವೆ, ಹುಳ ಹಿಡಿದಿದೆ. "ಈ ಊರಲ್ಲಿ ಹೊಟ್ಟೆತುಂಬ ಉಣ್ಣೋರು ಅಂದ್ರೆ ನಮ್ಮನೆ ಹುಳಗಳೇ ಕಣೆ" ಎನ್ನುತ್ತಾನೆ. ನೀನು ಕಳಿಸಿದ ಶುಂಠಿ ಮುರಬ್ಬದ ಜಾಡಿ ಒಡೆಯದೆ ಬಂತು. ಇನ್ನೂ ಮುಚ್ಚಳ ತೆಗೆದಿಲ್ಲ. ನಿಮ್ಮ ದ್ವೀಪದಿಂದ ಬಂದದ್ದನ್ನು ಬಾಯಿಗೆ ಹಾಕಿಕೊಳ್ಳಲು ಮನಸ್ಸು ಬರುತ್ತಿಲ್ಲ.

ಬೆನೆಬಾ ಇದ್ದಾಳೆ. ಅವಳ ವಿಷಯಕ್ಕೇ ಬರುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ ಎಂದು ಬೇಸರಪಡಬೇಡ. ಮೊದಲಿನಿಂದ ಹೇಳದಿದ್ದರೆ ಕೊನೆಯದನ್ನು ಹೇಳುವ ಧೈರ್ಯ ನನಗೆ ಬರುವುದಿಲ್ಲ.

ಹನ್ನೊಂದು ವರ್ಷದ ಹಿಂದೆ ನಿಮ್ಮ ದ್ವೀಪದಲ್ಲಿ ಕಬ್ಬಿನ ತೋಟ ಮಾಡಿಕೊಂಡಿದ್ದ ನನ್ನ ಅಣ್ಣ ಇಲ್ಲಿಗೆ ಬಂದವನು ತನ್ನ ಗುಲಾಮಳಾಗಿದ್ದ ಬೆನೆಬಾಳನ್ನು ಜೊತೆಗೆ ತಂದ. "ನಿನ್ನ ಅಡುಗೆಮನೆಗೆ ಇರಲಿ ತಂಗಿ" ಎಂದು ಸಕ್ಕರೆ ಮೂಟೆ ಬಿಟ್ಟುಹೋದ ಹಾಗೆ ಬಿಟ್ಟುಹೋದ. ಅವಳ ಮೂರು ವರ್ಷದ ಮಗಳು ಮಿಂಬಾ ಅಲ್ಲೇ ಉಳಿದಳು. ಮಗುವಿನ ವಿಷಯವನ್ನು ನಾನು ಕೇಳಲೇ ಇಲ್ಲ. ಊರವರು ಕ್ವೇಕರರೆನ್ನುವ ನಮ್ಮ ಮಿತ್ರರ ಮಂಡಳಿಯವರು ಆಗ ಎಷ್ಟೋ ಜನ ಹಾಗೇ ಇದ್ದೆವು. ಮೌನಸಭೆಯಲ್ಲಿ ಕಣ್ಣು ಮುಚ್ಚಿ ಒಳಬೆಳಕಿಗೆ ಕಾಯುತ್ತಿದ್ದೆವು, ಮನೆಗೆ ಬಂದು ಕೊಂಡು ತಂದವರ ಕೈಯಿಂದ ಊಟ ಬಡಿಸಿಕೊಳ್ಳುತ್ತಿದ್ದೆವು. ಆರು ವರ್ಷದ ಹಿಂದೆ ನನಗೆ ಸ್ವಲ್ಪ ಬುದ್ಧಿ ಬಂದು ಅವಳಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟೆ. ಓದು ಬಾರದವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲ್ಲಿ ಮಿಂಬಾ ಹೆಸರು ಎಲ್ಲಿದೆ ಅಮ್ಮಾ?" ಎಂದಳು. ಇರಲಿಲ್ಲ. ಮಗುವನ್ನು ಕೊಡಲು ಅಣ್ಣ ಒಪ್ಪಿರಲಿಲ್ಲ.

ಬಿಡುಗಡೆಯಾದ ಮೇಲೂ ಅವಳು ಸಂಬಳಕ್ಕೆ ನನ್ನ ಮನೆಯಲ್ಲೇ ನಿಂತಳು. ನನ್ನ ಮೇಲಿನ ಪ್ರೀತಿಗೆ ನಿಂತಿದ್ದಾಳೆ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದೆ. ಅವಳು ನಿಂತದ್ದು ನಿನ್ನ ಕಾಗದಗಳಿಗಾಗಿ. ನೀನು ಪ್ರತಿ ಸಲವೂ ಕೊನೆಗೆ ಮಿಂಬಾಳ ಬಗ್ಗೆ ಎರಡು ಸಾಲು ಬರೆಯುತ್ತಿದ್ದೆಯಲ್ಲ: ಹಲ್ಲು ಬಿತ್ತು, ಎತ್ತರವಾದಳು, ಕುದಿಯುವ ಕಬ್ಬಿನ ಹಾಲು ಸಿಡಿದು ಎಡಮೊಣಕೈ ಸುಟ್ಟುಕೊಂಡಳು. ಹಡಗು ಬಂದ ಸುದ್ದಿ ಕೇಳಿದರೆ ಸಾಕು, ಬೆನೆಬಾ ಕೈ ಒರೆಸಿಕೊಂಡು ಬಂದು ನನ್ನ ಕುರ್ಚಿಯ ಹಿಂದೆ ನಿಲ್ಲುತ್ತಿದ್ದಳು. ನಾನು ಅಕ್ಕಿಯ ಬೆಲೆ, ಸಭೆಯ ಸುದ್ದಿ ಎಲ್ಲ ಓದಿ ಮುಗಿಸುವವರೆಗೂ ನಿಂತೇ ಕಾಯುತ್ತಿದ್ದಳು. ಮೊದಲು ಅವಳ ಎರಡು ಸಾಲು ಓದಿ ಆಮೇಲೆ ಉಳಿದದ್ದನ್ನು ಓದಬಹುದಿತ್ತು ಎಂಬುದು ನನಗೆ ಇಷ್ಟು ವರ್ಷದಲ್ಲಿ ಹೊಳೆಯಲಿಲ್ಲ.

ಈ ವರ್ಷ ಮೂರನೆಯ ತಿಂಗಳ ಹನ್ನೆರಡರಂದು ನಿನ್ನ ಅವಸರದ ಕಾಗದ ಬಂತು. ಅಣ್ಣ ತೀರಿಕೊಂಡಿದ್ದ. ಉಯಿಲಿನಲ್ಲಿ ಮಿಂಬಾಳನ್ನು ನನ್ನ ಪಾಲಿಗೆ ಬರೆದಿದ್ದ. ಸಾಯುವಾಗ ಅವನಿಗೆ ಏನನ್ನಿಸಿತೋ. ಆದರೆ ಅವನ ಮಲಮಗ ಫ್ರಾನ್ಸಿಸ್, ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ತಿರುಗುವ ಆ ಮನುಷ್ಯ, ನಾಲ್ಕನೆಯ ತಿಂಗಳ ಕೊನೆಯ ದಿನದೊಳಗೆ ಆ ಪಾಲನ್ನು ಒಪ್ಪಿಕೊಂಡ ನನ್ನ ಸಹಿಯ ಪತ್ರ ಬಾರದಿದ್ದರೆ ಎಲ್ಲವನ್ನೂ ಹರಾಜಿಗೆ ಹಾಕುತ್ತೇನೆ ಎಂದಿದ್ದ. "ಪತ್ರ ಬಂದ ದಿನವೇ ಮಗುವನ್ನು ನನ್ನ ಮನೆಗೆ ಕರೆತರುತ್ತೇನೆ, ಮುಂದಿನ ಹಡಗಿಗೆ ಹತ್ತಿಸುತ್ತೇನೆ, ತಡಮಾಡಬೇಡ ಲಿಡಿಯಾ" ಎಂದು ನೀನು ಬರೆದಿದ್ದೆ. ತಡಮಾಡಬೇಡ ಎಂಬುದರ ಕೆಳಗೆ ಗೆರೆ ಎಳೆದಿದ್ದೆ.

ಆ ಸಂಜೆಯೇ ಪತ್ರ ತಯಾರಾಯಿತು. ನಾನೂ ಜೆತ್ರೊನೂ ಸಹಿ ಹಾಕಿದೆವು, ಸಭೆಯ ಇಬ್ಬರು ಹಿರಿಯರು ಸಾಕ್ಷಿ ಹಾಕಿದರು. ಬೆನೆಬಾ ಈ ಸಲವೂ ಹೆಸರು ಎಲ್ಲಿದೆ ಎಂದು ಕೇಳಿದಳು, ತೋರಿಸಿದೆ. ಆ ಅಕ್ಷರಗಳ ಮೇಲೆ ಬೆರಳಿಟ್ಟು, "ಇಷ್ಟು ಚಿಕ್ಕದಾ?" ಎಂದು ನಕ್ಕಳು.

ಹದಿನೈದರಂದು ಹೊರಡಲು ಫಾಲ್ಕನ್ ಸಿದ್ಧವಾಗಿತ್ತು. ಹದಿನಾಲ್ಕು ತೋಪಿನ ಹಡಗು. ಇಪ್ಪತ್ತನಾಲ್ಕರಂದು ನಮ್ಮ ಮಿತ್ರರದೇ ಮೇರಿ ಆನ್ ಹೊರಡುವುದಿತ್ತು. ಅದರಲ್ಲಿ ಒಂದು ಕೋವಿಯೂ ಇಲ್ಲ. ನಡುವೆ ಒಂಬತ್ತು ದಿನ.

ತೋಪು ಹೊತ್ತ ಹಡಗಿನಲ್ಲಿ ಮಿತ್ರರು ಸರಕು ಕಳಿಸಬಾರದೆಂದು ಹಿಂದಿನ ತಿಂಗಳಷ್ಟೇ ಹೆಂಗಸರ ಸಭೆಯಲ್ಲಿ ಎದ್ದು ನಿಂತು ಹೇಳಿದವಳು ನಾನೇ. "ಕೊಲ್ಲುವ ತೋಪಿನ ಕಾವಲಲ್ಲಿ ನಮ್ಮ ಒಂದು ಪೀಪಾಯಿ ಹಿಟ್ಟೂ ಸಮುದ್ರ ದಾಟಬಾರದು" ಎಂದೆ. ಅಷ್ಟಕ್ಕೇ ಬಿಡದೆ, ಹ್ಯಾನಾ ಕ್ರೆಸ್ಟನ್‌ಳ ಅಳಿಯ ಅಂಥ ಹಡಗಿನಲ್ಲಿ ಹಂದಿಮಾಂಸ ಕಳಿಸಿದ್ದನ್ನು ಎಲ್ಲರ ಮುಂದೆ ಎತ್ತಿ ಆಡಿದೆ. ಹ್ಯಾನಾ ತಲೆ ತಗ್ಗಿಸಿ ಕೂತಿದ್ದಳು. ಸುಳ್ಳೇಕೆ, ನನಗೆ ಒಳಗೊಳಗೇ ಹಿತವಾಗಿತ್ತು.

ಜೆತ್ರೊ ಹೇಳಿದ: "ಕಾಗದ ಸರಕಲ್ಲ ಕಣೆ. ಸಭೆ ಹೇಳಿದ್ದು ವ್ಯಾಪಾರದ ಮಾಲಿಗೆ. ಸುಮ್ನೆ ಫಾಲ್ಕನ್‌ಗೆ ಕೊಟ್ಟು ಬಾ. ಯಾರೂ ಏನೂ ಅನ್ನಲ್ಲ."

"ಯಾರೂ ಅನ್ನದೆ ಇದ್ರೆ ನನ್ನ ಮನಸ್ಸು ಅನ್ನುತ್ತೆ" ಎಂದೆ.

"ನಿನ್ನ ಮನಸ್ಸಿಗೆ ಸ್ವಲ್ಪ ಬಾಯಿ ಮುಚ್ಕೊಂಡಿರೋಕೆ ಹೇಳು. ಇದು ಆ ಮಗು ವಿಷಯ."

ಆದರೂ ಹದಿನೈದರ ಬೆಳಿಗ್ಗೆ ಕಾಗದವನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದರಿಗೆ ಹೋದೆ. ಕೊಡಬೇಕೆಂದೇ ಹೋದದ್ದು, ಅದನ್ನು ನಂಬು. ಗುಂಡುಗಳನ್ನು ಹಡಗಿಗೆ ಏರಿಸುತ್ತಿದ್ದರು. ಕ್ಯಾಪ್ಟನ್ ರೋರ್ಕ್ ನನ್ನ ಬೂದು ಬಟ್ಟೆ, ಬಿಳಿ ಟೊಪ್ಪಿಗೆ ನೋಡಿ ದೂರದಿಂದಲೇ ಕೂಗಿದ: "ಏನ್ ಕ್ವೇಕರಮ್ಮಾ, ದಾರಿ ತಪ್ಪಿ ಬಂದ್ರಾ? ಕೊಡಿ ಕೊಡಿ, ನನ್ನ ತೋಪು ನಿಮ್ಮ ಕಾಗದಾನ ಕಚ್ಚಲ್ಲ!" ಕೂಲಿಯವರು ಗೊಳ್ಳೆಂದರು. ತಿರುಗಿ ನೋಡುತ್ತೇನೆ, ಹಗ್ಗದ ಅಂಗಡಿಯ ಬಾಗಿಲಲ್ಲಿ ಹ್ಯಾನಾ ನಿಂತಿದ್ದಾಳೆ. ನನ್ನ ಬುಟ್ಟಿಯನ್ನು ನೋಡಿದಳು, ಹಡಗನ್ನು ನೋಡಿದಳು.

"ಗಾಳಿ ಹೇಗಿದೆ ಅಂತ ನೋಡೋಕೆ ಬಂದೆ" ಎಂದು ರೋರ್ಕನಿಗೆ ಹೇಳಿ ಹಿಂದಿರುಗಿದೆ. ಕಾಗದ ಬುಟ್ಟಿಯಲ್ಲೇ ಮನೆಗೆ ಬಂತು. ಒಂಬತ್ತು ದಿನ ತಾನೇ, ಮೇರಿ ಆನ್ ಹೋದರೂ ಗಡುವಿಗೆ ಮೊದಲೇ ಮುಟ್ಟುತ್ತದೆ ಎಂದು ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿಯೇ ಇತ್ತು. ಮುಂದಿನ ಸಭೆಯಲ್ಲಿ ಹ್ಯಾನಾಳೇ ಎದ್ದು, "ಲಿಡಿಯಾ ಥ್ವೇಟ್ ನುಡಿದಂತೆ ನಡೆದವಳು, ನಾನು ಕಣ್ಣಾರೆ ಕಂಡೆ" ಎಂದಳು. ಹೆಂಗಸರೆಲ್ಲ ತಲೆದೂಗಿದರು.

ಮೇರಿ ಆನ್ ಹೇಳಿದಂತೆ ಇಪ್ಪತ್ತನಾಲ್ಕರಂದೇ ಹೊರಟಿತು. ಆದರೆ ನದಿಯ ಬಾಯಿಯಲ್ಲಿ ಫ್ರೆಂಚರ ಹಡಗು ಹೊಂಚುಹಾಕಿದೆ ಎಂದು ಸುದ್ದಿ ಬಂತು. ತೋಪಿಲ್ಲದ ಹಡಗು ಏನು ಮಾಡೀತು? ಹದಿನೆಂಟು ದಿನ ಅಲ್ಲೇ ಲಂಗರು ಹಾಕಿ ಕೂತಿತು. ಆಮೇಲಿನದನ್ನು ನೀನೇ ನನಗೆ ಬರೆದೆ. ಫಾಲ್ಕನ್ ಇಪ್ಪತ್ತಾರೇ ದಿನಕ್ಕೆ ಬಂದು ಮುಟ್ಟಿತಂತೆ. ನೀನು ಮಿಂಬಾಳನ್ನೂ ಕರೆದುಕೊಂಡು ದಡಕ್ಕೆ ಹೋಗಿದ್ದೆಯಂತೆ. ಕ್ಯಾಪ್ಟನ್ ಚೀಲ ಬರಿದು ಮಾಡಿ ತೋರಿಸಿ, "ನಿಮ್ಮ ಹೆಸರಿಗೆ ಏನೂ ಇಲ್ಲ ತಾಯಿ" ಎಂದನಂತೆ. ವಾಪಸು ಬರುವ ದಾರಿಯಲ್ಲಿ ಆ ಹುಡುಗಿ, "ಅವ್ವಂಗೆ ನನ್ನ ಮುಖ ಗೊತ್ತಾಗುತ್ತಾ? ಮೊಣಕೈ ತೋರಿಸಿದ್ರೆ ಗೊತ್ತಾಗುತ್ತಲ್ಲ?" ಎಂದು ಕೇಳಿದಳಂತೆ. ಐದನೆಯ ತಿಂಗಳ ಮೊದಲ ದಿನ ಅವಳನ್ನು ಜಮೈಕಾದ ಒಬ್ಬ ದಲ್ಲಾಳಿಗೆ ಮಾರಿದರು. ಹನ್ನೊಂದರಂದು ನನ್ನ ಪತ್ರ ನಿನ್ನ ಕೈಸೇರಿತು.

ಜೆತ್ರೊ ಜಮೈಕಾದ ಕಿಂಗ್‌ಸ್ಟನ್ನಿನ ನಮ್ಮ ವ್ಯಾಪಾರದ ಗೆಳೆಯರಿಬ್ಬರಿಗೆ ಬರೆದ. ಒಬ್ಬನ ಉತ್ತರ ಬಂದಿದೆ: ದಲ್ಲಾಳಿ ದಡದಲ್ಲೇ ಎಲ್ಲರನ್ನೂ ಮಾರಿಬಿಟ್ಟಿದ್ದಾನೆ, ಹೆಸರು ಬರೆದಿಟ್ಟಿಲ್ಲ. ಇನ್ನೊಬ್ಬನ ಉತ್ತರ ಬಂದಿಲ್ಲ. ನಿಮ್ಮಲ್ಲಿಂದ ಜಮೈಕಾಕ್ಕೆ ಹೋಗುವ ಪ್ರತಿಯೊಬ್ಬ ನಾವಿಕನನ್ನೂ ಕೇಳು ಟಬಿತಾ. ಹದಿನಾಲ್ಕು ವರ್ಷ, ಎಡಮೊಣಕೈಯಲ್ಲಿ ಸುಟ್ಟ ಕಲೆ, ಮಿಂಬಾ ಎಂದರೆ ತಿರುಗಿ ನೋಡುತ್ತಾಳೆ. ಅವಳಿಗೆ ಬೇರೆ ಹೆಸರು ಇಟ್ಟಿರಬಹುದು. ಆದರೂ ತಿರುಗಿ ನೋಡುತ್ತಾಳೆ. ಸಿಗುವುದಿಲ್ಲ ಎಂದು ನನಗೆ ಗೊತ್ತು. ಆದರೂ ಕೇಳು.

ಈ ಕಾಗದ ನಾಳೆ ಬೆಳಿಗ್ಗೆ ಹೊರಡುವ ಫಾಲ್ಕನ್‌ನಲ್ಲೇ ಬರುತ್ತದೆ. ತೋಪುಗಳು ಈಗ ಹದಿನಾರಾಗಿವೆಯಂತೆ. ಸಭೆಯವರು ಏನು ಬೇಕಾದರೂ ಅಂದುಕೊಳ್ಳಲಿ. ನಾನು ಸಭೆಯಲ್ಲಿ ಬಾಯಿ ತೆರೆದು ನಾಲ್ಕು ತಿಂಗಳಾಯಿತು. ನನ್ನ ಮೌನ ಗಾಢವಾಗುತ್ತಿದೆ ಎಂದು ಅದನ್ನೂ ಮೆಚ್ಚಿಕೊಳ್ಳುತ್ತಿದ್ದಾರೆ.

ನಿನ್ನ ಮೊಮ್ಮಕ್ಕಳಿಗೆ ನನ್ನ ಹರಕೆ. ಅವರು ಯಾವತ್ತೂ ನಿನ್ನ ಕಣ್ಣೆದುರಿಗೇ ಇರಲಿ. ನಿನ್ನ ಮನೆಯಲ್ಲಿ ಶಾಂತಿ ಇರಲಿ, ನಿನ್ನ ಕಣ್ಣು ಇನ್ನಷ್ಟು ಕಾಲ ಚೆನ್ನಾಗಿರಲಿ, ನನ್ನ ಕೆಟ್ಟ ಅಕ್ಷರವನ್ನು ಓದಬೇಕಲ್ಲ.

ನಿನ್ನ ಗೆಳತಿ,
ಲಿಡಿಯಾ ಥ್ವೇಟ್

ತಾ.ಕ. ಮೊದಲಿನ ಮೂರು ಕಾಗದಗಳನ್ನು ಸುಟ್ಟದ್ದು ಈ ಮಾತಿಗಾಗಿ.

ಆವತ್ತು ನಾನು ಬಂದರಿನಿಂದ ಬಂದಾಗ ಬೆನೆಬಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಕೊಟ್ಟು ಬಂದ್ರಾ ಅಮ್ಮಾ?" ಎಂದಳು. ಕಾಗದ ನನ್ನ ಬುಟ್ಟಿಯಲ್ಲೇ ಇತ್ತು, ಮೇಲೆ ಬಟ್ಟೆ ಮುಚ್ಚಿತ್ತು. "ಕೊಟ್ಟೆ" ಎಂದೆ. ಹೌದು ಎಂದರೆ ಹೌದು, ಅಲ್ಲ ಎಂದರೆ ಅಲ್ಲ, ನಮ್ಮ ಮಾತಿಗೆ ಆಣೆ ಪ್ರಮಾಣ ಬೇಡ ಎಂದು ನ್ಯಾಯಾಧೀಶರ ಮುಂದೆಯೂ ಸೆಟೆದು ನಿಲ್ಲುವ ಜನ ನಾವು. ಅಷ್ಟರಲ್ಲಿ ಫಾಲ್ಕನ್ ಹೊರಡುವ ತೋಪು ಹಾರಿತು, ಕಿಟಕಿಗಳು ಅದುರಿದವು. ಬೆನೆಬಾ ನನ್ನ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ನಿನ್ನ ಕಾಗದ ಬಂದ ದಿನ ಮಾರಿದ ಸುದ್ದಿಯನ್ನಷ್ಟೇ ಓದಿ ಹೇಳಿದೆ, ಫಾಲ್ಕನ್ನಿನ ಸಾಲುಗಳನ್ನು ಬಿಟ್ಟೆ. ಅವಳು ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದಳು. ಮೂರನೆಯ ದಿನ ಎದ್ದು ಬಂದು, ಅಳುತ್ತ ಕೂತಿದ್ದ ನನ್ನ ಬೆನ್ನು ಸವರಿ, "ನೀವು ಕೈಲಾದಷ್ಟು ಮಾಡಿದ್ರಿ ಅಮ್ಮಾ, ಸಮುದ್ರ ಮೋಸ ಮಾಡ್ತು" ಎಂದಳು. ಅವಳು ನನ್ನನ್ನು ಸಮಾಧಾನ ಮಾಡಿದಳು ಟಬಿತಾ.

ಈಗ ಮೇಣ ಕರಗಿಸಲು ಬೆಂಕಿ ತಂದು ಮೇಜಿನ ಪಕ್ಕ ನಿಂತಿದ್ದಾಳೆ. ಕೈ ಚಾಚಿ, "ಮುಗಿಸಿ ಕೊಡಿ. ಈ ಸಲ ಹಡಗಿಗೆ ನಾನೇ ಕೊಟ್ಟು ಬರ್ತೀನಿ" ಎನ್ನುತ್ತಿದ್ದಾಳೆ. ತಲೆಯೆತ್ತಿ ಅವಳ ಮುಖ ನೋಡಿದೆ. ಅವಳಿಗೆ ಗೊತ್ತು. ಎಂದಿನಿಂದ ಗೊತ್ತು ಎಂದು ಕೇಳಲು ನನಗೆ ಬಾಯಿ ಬರುತ್ತಿಲ್ಲ.