ಅಪ್ಪನ ಮೂಗು ಮುಷ್ಕರ ಹೂಡಿದೆ

ಅಪ್ಪಾ,

ಗೊರಕೆ ಜೋರಾಗಿತ್ತು, ಎಬ್ಬಿಸಲು ಮನಸ್ಸಾಗದೆ ಕೆಲಸಕ್ಕೆ ಹೊರಟೆ. ಗ್ಯಾಸಿನ ಪೈಪು ಬಿರುಕು ಬಿಟ್ಟಿದೆ, ಸಿಲಿಂಡರ್ ಬಂದ್ ಮಾಡಿದ್ದೇನೆ. ರಿಪೇರಿಯವರು ಬರುವವರೆಗೆ ಮುಟ್ಟಬೇಡ. ಕಾಫಿ ಫ್ಲಾಸ್ಕಿನಲ್ಲಿದೆ.

ನಿನ್ನೆ ಗ್ಯಾಸಿನ ವಾಸನೆ ನನಗೆ ಮೆಟ್ಟಿಲಲ್ಲೇ ಬಡಿಯಿತು. ನೀನು ಒಲೆಯ ಪಕ್ಕದಲ್ಲೇ ಆರಾಮಾಗಿ ಪೇಪರ್ ಓದುತ್ತಿದ್ದೆ. "ವಾಸನೆ ಎಲ್ಲಿದೆಯೇ? ನಿನ್ನ ಮೂಗೇ ಉದ್ದ" ಅಂತ ಬೇರೆ ಅಂದೆ. ಮರ ಮೂಸಿಯೇ ತೇಗವೋ ಬೀಟೆಯೋ ಹೇಳುತ್ತಿದ್ದ ಪಾಲಿಶ್ ಮೇಸ್ತ್ರಿಯ ಮೂಗು ಕೈಕೊಟ್ಟಿದೆ ಎಂದು ಆಗ ತಿಳಿಯಿತು. ಹೋದ ವಾರ ನನ್ನ ಸೀದ ಅನ್ನವನ್ನು "ಘಮಘಮ" ಅಂದದ್ದು ಸುಮ್ಮನಲ್ಲ!

ಒಲೆಯ ಬಳಿಯಿದ್ದ ನಿನ್ನ ಥಿನ್ನರ್ ಡಬ್ಬಿಗಳನ್ನು ಹೊರಗಿನ ಶೆಡ್ಡಿಗೆ ಸಾಗಿಸಿದ್ದೇನೆ. ವಾಪಸ್ ತಂದರೆ ನಿನ್ನ ಹಾಸಿಗೆಯೂ ಅಲ್ಲಿಗೇ. ಹೊಸ ಪೈಪು ಹಾಕಿ ಸಿಲಿಂಡರ್ ತೆರೆದ ಮೇಲೆ ಜೋಡಣೆಯ ಜಾಗಕ್ಕೆ ಸೋಪಿನ ನೀರು ಹಚ್ಚಿಸಿ ನೋಡು. ಗುಳ್ಳೆ ಎದ್ದರೆ ಗ್ಯಾಸ್ ಸೋರುತ್ತಿದೆ ಎಂದರ್ಥ. ಅದಕ್ಕೆ ಕಣ್ಣು ಸಾಕು.

ನಿನ್ನ ಪಾಲಿಶ್ ಅಂಗಡಿಯಲ್ಲಿ ಯಾರಿಗೂ ಹೇಳುವುದಿಲ್ಲ. ಅಲ್ಲಿ ಮೊದಲಿನಂತೆಯೇ ಮರ ಮೂಸಿದಂತೆ ಮಾಡಿ, ಗೆರೆ ನೋಡಿ ಹೇಳು. ನನ್ನ ಅನ್ನವನ್ನೂ ಹೊಗಳುತ್ತಿರು. ಈ ಮನೆಗೆ ಒಂದು ಮೂಗಾದರೂ ಸಾಕು, ಅಪ್ಪ ಮಾತ್ರ ಇರಲೇಬೇಕು.

ನಿನ್ನ ಉದ್ದಮೂಗಿ