ಇಂಚರಾಳ ಎರಡನೆಯ ಹಲ್ಲು

ತಿಪಟೂರು
ಚೈತ್ರ ಮಾಸದ ಮೂವತ್ತೆಂಟನೆಯ ದಿನ, ಕ್ರಿ.ಶ. ೨೩೯೧

ವಾರಿಜಮ್ಮನವರಿಗೆ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ತಿಂಗಳಿಗೆ ನಲವತ್ತು ದಿನ. ಭಾಷೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕಾಗದಗಳಿಂದ ಕಲಿತವಳು. ಈ ಪತ್ರ ನಿಮಗೆ ಹೇಗೆ ತಲುಪುತ್ತದೆ ಎಂದು ಬರೆಯಲು ನನಗೆ ಅಪ್ಪಣೆಯಿಲ್ಲ. ಒಂದೇ ಪತ್ರಕ್ಕೆ ಅವಕಾಶ, ಆದ್ದರಿಂದ ಸುತ್ತಿ ಬಳಸಿ ಹೇಳುವುದಿಲ್ಲ.

ನನ್ನ ಹೆಸರು ಸುವ್ರತೆ. ಈ ಊರಿನ ತೀಡುಮನೆಯಲ್ಲಿ ನಲವತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ತೀಡುಮನೆ ಎಂದರೆ ಜನ ವಾರಕ್ಕೊಮ್ಮೆ ಹಲ್ಲು ತೀಡಿಸಿಕೊಳ್ಳಲು ಬರುವ ಜಾಗ. ನಿಮ್ಮ ಕ್ಷೌರದಂಗಡಿಯ ಹಾಗೆಯೇ ಸಾಲು ಬೆಂಚು, ಊರಿನ ಸುದ್ದಿ, ಅಳುವ ಮಕ್ಕಳು. ಮೊದಲು ಹಲ್ಲಿಗೆ ಹುಳಿನೀರು ಸವರಿ ಮೆತ್ತಗೆ ಮಾಡುತ್ತೇವೆ, ಆಮೇಲೆ ಅರ ಹಿಡಿದು ಉಜ್ಜುತ್ತೇವೆ. ಹಾಗೆ ಮಾಡದಿದ್ದರೆ ಮೇಲಿನ ಹಲ್ಲು ಕೆಳಗಿನದಕ್ಕೆ ಬೆಸೆದುಕೊಳ್ಳುತ್ತದೆ. ಅದಕ್ಕೆ ಬಾಯಿಬೀಗ ಎನ್ನುತ್ತೇವೆ. ಬೀಗ ಬಿದ್ದವರು ಹೆಚ್ಚು ದಿನ ಬಾಳುವುದಿಲ್ಲ.

ಎಲ್ಲಕ್ಕೂ ಕಾರಣ ನಮ್ಮ ಹಿರಿಯರ ಅತಿಯಾಸೆ. ಹಲ್ಲಿನ ಎನಾಮಲ್ ಕಟ್ಟುವ ಜೀವಕೋಶಗಳಿಗೆ ನಾವು ಲೇಪಗಾರರು ಎಂದು ಹೆಸರಿಟ್ಟಿದ್ದೇವೆ. ನಿಮ್ಮ ಬಾಯಲ್ಲಿ ಅವರು ಜೀನುಗಳ ಮಾತು ಕೇಳುತ್ತಾರೆ. ಒಂದು ಜೀನು, ಉದ್ದಕ್ಕೆ ಬೆಳೆದು ಪ್ರೋಟೀನಿನ ಹಂದರ ಹಾಕಿ ಅನ್ನುತ್ತದೆ. ಇನ್ನೊಂದು ಆ ಹಂದರ ಬಿಚ್ಚಿಸಿ ಸುಣ್ಣದಂಶ ತುಂಬಿಸುತ್ತದೆ. ಹಲ್ಲು ಒಸಡಿನಿಂದ ಹೊರಬರುವಷ್ಟರಲ್ಲಿ ಕೊನೆಯದು, ಸಾಕು, ಇನ್ನು ಹೊರಡಿ ಅನ್ನುತ್ತದೆ, ಅವರು ಸಾಯುತ್ತಾರೆ. ಹುಳುಕು ಹಲ್ಲಿನ ಕಾಟವೇ ಬೇಡವೆಂದು ನಮ್ಮ ಹಿರಿಯರು ಆ ಕೊನೆಯ ಜೀನಿನ ಬಾಯಿ ಮುಚ್ಚಿಸಿದರು. ಈಗ ಲೇಪಗಾರರು ಒಸಡಿನಂಚಿನಲ್ಲಿ ಕುಳಿತು ಬಳಿಯುತ್ತಲೇ ಇದ್ದಾರೆ.

ಆ ಜೀನು ನಮ್ಮಲ್ಲಿ ಇನ್ನೂ ಇದೆ, ಮಲಗಿದೆ. ಅದನ್ನು ಎಬ್ಬಿಸಲು ಜೀನಿನ ಮೇಲೆ ಅಂಟಿರುತ್ತಿದ್ದ ರಾಸಾಯನಿಕ ಗುರುತುಗಳು ಹೇಗಿದ್ದವೆಂದು ಮಾತ್ರ ಯಾರೂ ಬರೆದಿಡಲಿಲ್ಲ. ಅವು ಉಳಿದಿದ್ದರೆ ನಿಮ್ಮ ಕಾಲದ ಮಕ್ಕಳ ಹಾಲುಹಲ್ಲಿನೊಳಗೆ, ಒಣಗಿದ ತಿರುಳಿನಲ್ಲಿ ಉಳಿದಿರಬೇಕು. ನೀವೋ, ಬಿದ್ದ ಹಲ್ಲನ್ನೆಲ್ಲ ಹೆಂಚಿನ ಮೇಲೆ ಎಸೆದು ಕೈತೊಳೆದುಕೊಂಡಿರಿ! ಮಳೆ ಬಿಸಿಲಿಗೆ ಏನು ಉಳಿದೀತು?

ಹೋದ ವಾರ, ಈ ಊರಿನಲ್ಲಿ ಇನ್ನೂ ನಿಂತಿರುವ ನಿಮ್ಮ ಮನೆಯ ಗೋಡೆಗೂಡಿನಲ್ಲಿ ಒಂದು ಕುಂಕುಮದ ಭರಣಿ ಸಿಕ್ಕಿತು. ಒಳಗೆ ಪುಟ್ಟ ಹಲ್ಲು, ಜೊತೆಗೆ ಚೀಟಿ: "ನಮ್ಮ ಇಂಚರಾದು, ಮೊದಲ್ನೇದು. ಹೆಂಚಿನ ಮೇಲೆ ಎಸೆಯಕ್ಕೆ ಮನಸ್ಸೇ ಬರ್ಲಿಲ್ಲ. ವಾರಿಜಾ." ಓದಿ ಅತ್ತುಬಿಟ್ಟೆ.

ಆಮೇಲೆ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಪರೀಕ್ಷೆ ಮಾಡುವವರು ಬರುವುದರೊಳಗೆ ಚೊಕ್ಕಟವಾಗಿರಲಿ ಎಂದು ಅದನ್ನು ಹುಳಿನೀರಿನ ಬಟ್ಟಲಿಗೆ ಹಾಕಿದೆ. ಯೋಚಿಸಿ ಹಾಕಿದ್ದಲ್ಲ, ನಲವತ್ತು ವರ್ಷದ ಕೈ ತಾನಾಗಿಯೇ ಹಾಕಿತು. ತಿರುಳು ಕರಗಿಹೋಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಮೊಮ್ಮಗಳು ನೇಸರಿಗೆ ಆರೂವರೆ ವರ್ಷ. ದವಡೆಹಲ್ಲು ಮೂಡುತ್ತಿವೆ, ಅವಳ ಲೇಪಗಾರರು ನಮ್ಮವರಿಗಿಂತ ಹತ್ತು ಪಟ್ಟು ಚುರುಕು. ದಿನಕ್ಕೆರಡು ಸಲ ತೀಡಿದರೂ ಬಾಯಿ ಒಂದು ಬೆರಳಿನಷ್ಟೇ ತೆರೆಯುತ್ತದೆ. ನಿನ್ನೆ ಹಲ್ಲಿನ ಸಂದಿಯಿಂದಲೇ, "ಅಜ್ಜೀ, ಗಂಜಿ ಬೇಡ, ಮುದ್ದೆ ಕೊಡು" ಅಂದಳು. ನನಗೆ ಭಯವಾಗುತ್ತಿದೆ, ವಾರಿಜಮ್ಮ.

ನಿಮ್ಮ ಗೋಡೆಯನ್ನು ತಟ್ಟಿದರೆ ಆ ಗೂಡಿನಿಂದ ಒಂದು ಮೊಳ ಬಲಕ್ಕೆ ಟೊಳ್ಳು ಸದ್ದು ಬರುತ್ತದೆ. ಅಲ್ಲಿ ಇನ್ನೊಂದು ಗೂಡಿದೆ, ಗಾರೆ ಮೆತ್ತಿ ಮುಚ್ಚಿದ್ದಾರೆ. ಸುತ್ತಿಗೆ ತಾಗಿದರೆ ಒಳಗಿನದು ಪುಡಿಯಾದೀತೆಂದು ನಮ್ಮ ಅರಗಳಿಂದಲೇ ಉಜ್ಜುತ್ತಿದ್ದೇವೆ. ನಾಳೆ ಬೆಳಿಗ್ಗೆ ತೆರೆದುಕೊಳ್ಳುತ್ತದೆ.

ಈ ಪತ್ರ ನಿಮ್ಮ ಕೈಸೇರುವ ಹೊತ್ತಿಗೆ ಇಂಚರಾಳ ಎರಡನೆಯ ಹಲ್ಲು ಅಲುಗಾಡುತ್ತಿರಬಹುದು. ಬಿದ್ದಾಗ ದಯವಿಟ್ಟು ತೊಳೆಯಬೇಡಿ. ಒಣ ಹತ್ತಿಯಲ್ಲಿ ಸುತ್ತಿ, ಭರಣಿಗೆ ಹಾಕಿ, ಬಲಗಡೆಯ ಗೂಡಿನಲ್ಲಿಟ್ಟು ಗಾರೆ ಮೆತ್ತಿಸಿ. ಮನೆಯವರು ನಕ್ಕರೆ ನಗಲಿ. ಮಗು ಎಸೆಯಲೇಬೇಕೆಂದು ಹಠ ಹಿಡಿದರೆ ಹಲ್ಲಿನ ಬದಲು ಕೈಗೊಂದು ಅವರೆಕಾಳು ಕೊಟ್ಟು ಎಸೆಯಲು ಹೇಳಿ.

ಈ ಸಲ ನಾನು ಏನನ್ನೂ ಮುಟ್ಟುವುದಿಲ್ಲ. ನೇಸರಿಯ ಕೈ ಹಿಡಿದುಕೊಂಡು ಗೋಡೆಯ ಮುಂದೆ ನಿಂತಿರುತ್ತೇನೆ. ಹತ್ತಿ ಸಾಕಷ್ಟು ಸುತ್ತಿ, ತಾಯಿ.

ಇತಿ,
ಸುವ್ರತೆ, ನೇಸರಿಯ ಅಜ್ಜಿ