ಮೀಟದೆ ನುಡಿದ ತಂತಿ

ಹೊಲಿಗೆ ಕೋಣೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಕೈಯ ಗಾಯ ಒಣಗಿತೇ? ಆಸ್ಪತ್ರೆಯ ಊಟ ಸಪ್ಪೆ ಅಂತ ತಟ್ಟೆ ತಳ್ಳಿ ಕೂರಬೇಡಿ. ಮನೆಯಲ್ಲೂ ನನ್ನ ಅಡುಗೆಯನ್ನು ಹೊಗಳಿ ಉಂಡವರೇನಲ್ಲ ನೀವು. ಅತ್ತೆಯವರು ಗಟ್ಟಿಮುಟ್ಟಾಗಿದ್ದಾರೆ. ಮಗ ಯಾವಾಗ ಬರ್ತಾನೆ ಎಂದು ಕೇಳಿ ಕೇಳಿ ನನ್ನ ತಲೆ ತಿನ್ನುತ್ತಾರೆ.

ಕಾರ್ಖಾನೆಯ ಯಂತ್ರ ನಿಮ್ಮ ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ನುಂಗಿದ ಮೇಲೆ ನೀವು ಎಡಗೈಯಲ್ಲಿ ಬರೆದ ಆ ಕಾಗೆ ಕಾಲು ಗುಬ್ಬಿ ಕಾಲಿನ ಪತ್ರ ತಲುಪಿತು. “ಗಿಟಾರ್ ಯಾರಿಗಾದ್ರೂ ಕೊಟ್ಬಿಡು. ತಂತಿ ಮೀಟೋ ಪಿಕ್ ಹಿಡಿಯೋ ಬೆರಳೇ ಇಲ್ಲ ಅಂದ್ಮೇಲೆ ಅದನ್ನ ನೋಡ್ಕೊಂಡು ಕೂರೋಕೆ ನನ್ನಿಂದಾಗಲ್ಲ” ಎಂದು ಬರೆದಿದ್ದಿರಿ. ಓದಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಆಮೇಲೆ ಸಿಟ್ಟೂ ಬಂತು. ಆದರೂ ಯಾರಿಗೆ ಕೊಡಲಿ ಎಂದು ಕೇಳಲು, ಗಿಟಾರನ್ನು ಹೊತ್ತುಕೊಂಡು ನಿಮಗೆ ಕಲಿಸಿದ ಮೇಷ್ಟ್ರ ಮನೆಗೇ ಹೋದೆ. ಅವರು “ಕೊಡೋದು ಇದ್ದೇ ಇದೆ, ಮೊದಲು ಕೂತ್ಕೊಳಮ್ಮ” ಅಂದರು. ಸದ್ದು ಜೋರು ಮಾಡುವ ಆಂಪ್ ಪೆಟ್ಟಿಗೆಗೆ ಗಿಟಾರಿನ ವೈರು ಸಿಕ್ಕಿಸಿ, ಬಲಗೈಯನ್ನು ಜೇಬಿಗಿಳಿಸಿ, ಬರೀ ಎಡಗೈಯಲ್ಲಿ ನುಡಿಸಿದರು! ಬೆರಳಿನಿಂದ ತಂತಿಯನ್ನು ಬಡಿದರೆ ಒಂದು ಸ್ವರ, ಅದೇ ಬೆರಳನ್ನು ಕೀಳುವಾಗ ಇನ್ನೊಂದು. ಸ್ವರಕ್ಕೆ ಸ್ವರ ಅಂಟಿಕೊಂಡು ಜಾರುವ ಇದಕ್ಕೆ ಲೆಗಾಟೊ ಅಂತಾರಂತೆ. ನಿಮಗೂ ಹೇಳಿಕೊಡಲು ಹೊರಟಿದ್ದರಂತೆ, ಪಿಕ್ ಒಂದಿದ್ದರೆ ಸಾಕು ಎಂದು ನೀವು ಕಣ್ಣೆತ್ತಿಯೂ ನೋಡಲಿಲ್ಲವಂತೆ.

ನಾನು ಅಲ್ಲೇ ಶಿಷ್ಯಳಾದೆ. ನಗಬೇಡಿ. ಮೊದಮೊದಲು ಬಿಸಿ ಇಸ್ತ್ರಿಪೆಟ್ಟಿಗೆ ಮುಟ್ಟಿದವಳ ಹಾಗೆ ಬೆರಳನ್ನು ನೆಟ್ಟಗೆ ಮೇಲಕ್ಕೆತ್ತುತ್ತಿದ್ದೆ, ಸ್ವರ ಉಸಿರು ಕಟ್ಟಿ ಸಾಯುತ್ತಿತ್ತು. “ಎತ್ತಬೇಡ, ಪಕ್ಕಕ್ಕೆ ಸೆಳೆದು ಬಿಡು” ಎಂದರು ಮೇಷ್ಟ್ರು. ಅದು ಬಂತು ಅನ್ನುವಷ್ಟರಲ್ಲಿ ಕಾಲು ಕೈಕೊಟ್ಟಿತು. ಇಷ್ಟು ವರ್ಷ ಹೊಲಿಗೆ ಯಂತ್ರ ತುಳಿದ ಕಾಲಲ್ಲವೇ, ಬೆರಳು ಆಡತೊಡಗಿದರೆ ಸಾಕು, ನೆಲವನ್ನೇ ತುಳಿಯುತ್ತದೆ. ಕಾಲು ಓಡಿದಂತೆ ಬೆರಳೂ ಓಡಿ ಎಲ್ಲ ಸ್ವರಗಳೂ ಗಂಟು! ಕೊನೆಗೆ ಮೇಷ್ಟ್ರು ನನ್ನನ್ನು ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸಿದರು. ಮುಟ್ಟದ ತಂತಿಗಳು ಸುಮ್ಮನೆ ಗುಂಯ್‌ಗುಡುತ್ತವೆ ಎಂದು ಮಖಮಲ್ಲಿನ ಚೂರಿಗೆ ಎಲಾಸ್ಟಿಕ್ ಹೊಲಿದು ಗಿಟಾರಿನ ಕುತ್ತಿಗೆಗೆ ತೊಡಿಸಿದ್ದೇನೆ. ಮೇಷ್ಟ್ರು ತಮ್ಮದಕ್ಕೂ ಒಂದು ಹೊಲಿಸಿಕೊಂಡರು. ಅತ್ತೆಯವರು ಮಾತ್ರ “ಇದಕ್ಕಿಂತ ನಿನ್ನ ಮಿಷನ್ ಸದ್ದೇ ವಾಸಿ ಕಣೇ” ಅನ್ನುತ್ತಾರೆ. ಆದರೂ ನಾನು ನಿಲ್ಲಿಸಿದರೆ “ಯಾಕೆ, ಮುಗೀತಾ?” ಎಂದು ಒಳಗಿನಿಂದಲೇ ಕೂಗುತ್ತಾರೆ.

ನಿನ್ನೆ ಟ್ಯಾಪಿಂಗ್ ಬಂತು. ಬಲಗೈ ಬೆರಳೂ ಎಡಗೈಯವುಗಳ ಪಕ್ಕಕ್ಕೇ ಬಂದು ಅದೇ ತಂತಿಯನ್ನು ಬಡಿಯುವುದು. ಮೂರು ಸ್ವರ ಸುತ್ತಿ ಸುತ್ತಿ ಓಡಿದವು. ನಿಧಾನವಾಗಿ, ನಡುನಡುವೆ ಎಡವುತ್ತ, ಆದರೆ ಓಡಿದವು. ನೀವು ಪಕ್ಕದಲ್ಲಿ ಇರಬೇಕಿತ್ತು ಅನ್ನಿಸಿ ಕಣ್ಣು ತುಂಬಿತು.

ಬೇಗ ಗುಣವಾಗಿ ಬನ್ನಿ. ಅತ್ತೆಯವರು ಆಶೀರ್ವಾದ ಹೇಳಿದ್ದಾರೆ, ಮೇಷ್ಟ್ರು ಕೇಳಿದೆನೆಂದು ಹೇಳು ಅಂದರು.

ನಿಮ್ಮ
ದರ್ಜಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದೊಂದು. ಹತ್ತೂ ಬೆರಳಿರುವವಳಿಗೆ ಏನು ತಾನೇ ಬರೋಲ್ಲ ಎಂದು ನೀವು ಮುಖ ತಿರುಗಿಸುತ್ತೀರಿ, ನನಗೆ ಗೊತ್ತು. ಮೊದಲ ದಿನದಿಂದಲೂ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡನ್ನೂ ಬಟ್ಟೆಪಟ್ಟಿಯಿಂದ ಬಿಗಿದು ಕಟ್ಟಿಕೊಂಡೇ ಕಲಿತಿದ್ದೇನೆ. ಬಡಿದದ್ದು ನಡುಬೆರಳು. ಅದು ನಿಮಗೂ ಇದೆ. ಗಿಟಾರನ್ನು ಯಾರಿಗೂ ಕೊಟ್ಟಿಲ್ಲ. ಬರುವ ಮುಂಚೆ, ತಂತಿ ಒತ್ತಲು ಅಡ್ಡ ಬಾರದ ಹಾಗೆ, ನರ್ಸಮ್ಮನಿಗೆ ಹೇಳಿ ಎಡಗೈಯ ಉಗುರು ಕತ್ತರಿಸಿಕೊಳ್ಳಿ.